ಮುಂದಕ್ಕೆ ಬಾರದ ಸೀಟು

ಕೊಳ್ಳೇಗಾಲದ ಸುತ್ತಮುತ್ತ ಮೋಟಾರು ಸುಟ್ಟುಹೋದರೆ ಜನ ಮೊದಲು ಕರೆಂಟಿನವರನ್ನು ಬೈಯುತ್ತಾರೆ. ಬೈದು ಸುಸ್ತಾದ ಮೇಲೆ ಮೋಟಾರನ್ನು ಮೊಪೆಡ್ಡಿನ ಮೇಲೆ ಹೇರಿಕೊಂಡು ಸುಟ್ಟ ತಂತಿ ತೆಗೆದು ಹೊಸದು ಸುತ್ತಿಕೊಡುವ ಶಾಂತರಾಜುವಿನ ವೈಂಡಿಂಗ್ ಅಂಗಡಿಗೆ ಬರುತ್ತಾರೆ. ಸತ್ತೇಗಾಲದ ಕಬ್ಬಿನ ಗದ್ದೆಯ ಪಂಪಿನಿಂದ ಹಿಡಿದು ಯಳಂದೂರಿನ ಹೋಟೆಲಿನ ಗ್ರೈಂಡರಿನವರೆಗೆ, ಸುತ್ತುವುದನ್ನು ನಿಲ್ಲಿಸಿದ ಯಾವ ವಸ್ತುವನ್ನಾದರೂ ಅವನು ಮತ್ತೆ ಸುತ್ತುವಂತೆ ಮಾಡುತ್ತಾನೆಂಬುದು ಆ ಸೀಮೆಯ ನಂಬಿಕೆ. ಆ ನಂಬಿಕೆ ಎಲ್ಲರಿಗಿಂತ ಗಟ್ಟಿಯಾಗಿ ಇದ್ದದ್ದು ಶಾಂತರಾಜುವಿಗೇ. ಇಂಥವನ ಸ್ವಂತ ಕಾರಿನಲ್ಲಿ ಹೆಬ್ಬೆಟ್ಟಿನ ಗಾತ್ರದ ಒಂದು ಸ್ವಿಚ್ಚು ಕೆಟ್ಟು ವರ್ಷಗಟ್ಟಲೆ ಹಾಗೆಯೇ ಬಿದ್ದಿತ್ತು ಎಂದರೆ, ಅದನ್ನು ಮರೆವು ಎಂದು ಹೇಳಿ ದಾಟಿಹೋಗುವುದು ಕಷ್ಟ.

ಕಾರು ಹಳೆಯದು. ಮೈಸೂರಿನ ಡಾಕ್ಟರೊಬ್ಬರು ಮನಸಾರೆ ಓಡಿಸಿ, ಮನಸ್ಸು ತುಂಬಿದ ಮೇಲೆ ಬಿಟ್ಟುಕೊಟ್ಟದ್ದು. ಬಣ್ಣ ಅಲ್ಲಲ್ಲಿ ಮಾಸಿದ್ದರೂ ಮುಖದಲ್ಲಿ ಗತ್ತು ಉಳಿದಿತ್ತು. ಶಾಂತರಾಜು ಅದನ್ನು ತಂದು ಮಧುವನಹಳ್ಳಿಯ ತನ್ನ ಮನೆಯ ಮುಂದೆ ನಿಲ್ಲಿಸಿದ ದಿನ ಬೀದಿಯವರಿಗೆಲ್ಲ ತೋರಿಸಿದ್ದು ಇಂಜಿನ್ನನ್ನಲ್ಲ, ಡ್ರೈವರ್ ಸೀಟನ್ನು. ಸೀಟಿನ ಪಕ್ಕ, ಬಾಗಿಲ ಕಡೆಗೆ, ಒಂದು ಸ್ವಿಚ್ಚು. ಮುಂದಕ್ಕೆ ಒತ್ತಿದರೆ ಸೀಟು ಗುಂಯ್ ಎನ್ನುತ್ತಾ ಮುಂದಕ್ಕೆ ಬರುತ್ತಿತ್ತು. ಹಿಂದಕ್ಕೆ ಒತ್ತಿದರೆ ಅದೇ ರಾಗದಲ್ಲಿ ಹಿಂದಕ್ಕೆ ಹೋಗುತ್ತಿತ್ತು. ಎದುರು ಮನೆಯ ಮುದುಕ ದೊಡ್ಡಮಾದಯ್ಯ ಕೂಡ ಪಂಚೆ ಎತ್ತಿ ಕಟ್ಟಿ ಹತ್ತಿ ಕೂತು, ಹೋಗಿ ಬಂದು, ಹೋಗಿ ಬಂದು, ಇಳಿಯಲು ಒಪ್ಪಲಿಲ್ಲ.

"ತೊಟ್ಲಲ್ಲಿ ಆಕಿ ತೂಗ್ದಂಗದ ಕನ್ಲಾ ಶಾಂತ್ರಾಜು! ಇನ್ನೊಂದ್ಸಲ ಒತ್ತು."

"ಬ್ಯಾಟ್ರಿ ಇಳ್ದೋಯ್ತದ ತಾತ, ಇಳೀರಿ."

"ನನ್ ಬ್ಯಾಟ್ರಿ ಯಾವತ್ತೋ ಇಳ್ದೋಗದ. ನೀ ಒತ್ಲಾ."

ದೊಡ್ಡಮಾದಯ್ಯ ಇಳಿದ ಮೇಲೆ, ಬೀದಿ ಖಾಲಿಯಾದ ಮೇಲೆ, ಶಾಂತರಾಜುವಿನ ಹೆಂಡತಿ ಯಶೋದ ಸೆರಗು ಸಿಕ್ಕಿಸಿಕೊಂಡು ಆ ಸೀಟಿನಲ್ಲಿ ಕೂತಳು. ಶಾಂತರಾಜು ಬಾಗಿಲ ಚೌಕಟ್ಟಿಗೆ ತಲೆ ಬಗ್ಗಿಸಿ ನಡೆಯುವ ಆಳು. ಯಶೋದ ನಿಂತರೆ ಅವನ ಭುಜಕ್ಕೂ ಬಾರದವಳು. ಅವನ ಮೊಪೆಡ್ಡಿರಲಿ, ಸೈಕಲ್ಲಿರಲಿ, ಆವರೆಗೆ ಮನೆಗೆ ಬಂದ ಯಾವ ವಾಹನದಲ್ಲೂ ಅವಳ ಕಾಲು ನೆಲಕ್ಕೋ ಪೆಡಲ್ಲಿಗೋ ನೆಟ್ಟಗೆ ತಾಗಿದ್ದಿಲ್ಲ. ಅವಳು ಸ್ವಿಚ್ಚನ್ನು ಮುಂದಕ್ಕೆ ಒತ್ತಿ ಹಿಡಿದಳು. ಸೀಟು ಅವಳನ್ನು ಮೆಲ್ಲಗೆ ಹೊತ್ತುಕೊಂಡು ಬಂದು ಸ್ಟೇರಿಂಗಿನ ಹತ್ತಿರ ಬಿಟ್ಟಿತು. ಕ್ಲಚ್ಚು, ಬ್ರೇಕು, ಎರಡನ್ನೂ ಒತ್ತಿ ನೋಡಿದಳು.

"ರೀ! ನಂಗೂ ಕಾಲು ಸಿಕ್ತದೆ ಕಣ್ರೀ!"

ಆ ಮಾತನ್ನು ಹೇಳುವಾಗ ಅವಳ ಮುಖ ಹೇಗಿತ್ತು ಎಂಬುದನ್ನು ಶಾಂತರಾಜು ಆಗ ಸರಿಯಾಗಿ ನೋಡಲಿಲ್ಲ. ಅವನು ಆ ಹೊತ್ತಿನಲ್ಲಿ ಬಂಪರಿನ ಮೇಲೆ ಕಾಗೆ ಹಾಕಿದ ಕಲೆಯನ್ನು ಒರೆಸುತ್ತಿದ್ದ.

ಯಶೋದ ಹನೂರಿನ ಆಚೆಯ ಒಂದು ಹಳ್ಳಿಯ ಶಾಲೆಯಲ್ಲಿ ಟೀಚರು. ದಿನಾ ಬಸ್ಸು. ಬಾಕಿ ದಿನ ಹೇಗೋ ನಡೆಯುತ್ತಿತ್ತು. ಅಮಾವಾಸ್ಯೆ ಬಂತೆಂದರೆ ಮಾದಪ್ಪನ ಬೆಟ್ಟಕ್ಕೆ ಹೋಗುವ ಭಕ್ತರು ಕೊಳ್ಳೇಗಾಲದಲ್ಲೇ ಬಸ್ಸನ್ನು ತುಂಬಿಕೊಂಡು ಬಂದಿರುತ್ತಿದ್ದರು. ಮಧುವನಹಳ್ಳಿಯಲ್ಲಿ ಕೈ ಅಡ್ಡ ಹಾಕಿದವಳಿಗೆ ಸಿಗುತ್ತಿದ್ದದ್ದು ಮೆಟ್ಟಿಲ ಮೇಲೆ ಒಂದು ಕಾಲಿಡುವಷ್ಟು ಜಾಗ. ಇನ್ನೊಂದು ಕಾಲು ಮಾದಪ್ಪನ ಪಾಲಿಗೆ. ಅಂಥ ಒಂದು ಅಮಾವಾಸ್ಯೆ ಚಪ್ಪಲಿ ಕಳೆದುಕೊಂಡು ಬರಿಗಾಲಲ್ಲಿ ಪಾಠ ಮಾಡಿ ಬಂದವಳು, ಬೇಸಿಗೆ ರಜೆಯಲ್ಲಿ ನೇರವಾಗಿ ಹೋಗಿ ಡ್ರೈವಿಂಗ್ ಸ್ಕೂಲಿಗೆ ಸೇರಿದಳು.

ಕಲಿಸುತ್ತಿದ್ದ ಉದಯಕುಮಾರ್ ಒಂದು ದಿನ ಶಾಂತರಾಜುವಿನ ಅಂಗಡಿಯ ಮುಂದೆ ನಿಂತು, "ಸಾ, ನಿಮ್ಮ ಮೇಡಮ್ಮೋರು ಕ್ಲಚ್ಚು ಬುಡೋದು ನೋಡ್ಬೇಕು. ಮಲ್ಗಿರೋ ಮಗ ಎದ್ದೇಳ್ದಂಗೆ ಬುಡ್ತಾರೆ" ಎಂದು ಹೊಗಳಿದ. ಲೈಸೆನ್ಸು ಬಂದ ದಿನ ಯಶೋದ ಮೈಸೂರು ಪಾಕು ತಂದು ಅಂಗಡಿ ಸಾಲಿಗೆಲ್ಲ ಹಂಚಿದಳು. ಶಾಂತರಾಜು ತಾನೂ ಒಂದು ಚೂರು ಬಾಯಿಗೆ ಹಾಕಿಕೊಂಡು, "ಒಳ್ಳೇದಾಯ್ತು ಬುಡು" ಎಂದ. ಉಳಿದ ಚೂರನ್ನು ಕಾಗದದಲ್ಲಿ ಸುತ್ತಿ ಟೆಸ್ಟರಿನ ಪಕ್ಕ ಇಟ್ಟ.

ಅವನು ಕೆಟ್ಟವನಲ್ಲ. ಹೆಂಡತಿ ಕಾರು ಓಡಿಸಬಾರದು ಎಂದು ಯಾರಾದರೂ ಹೇಳಿದ್ದರೆ ಎದ್ದು ಜಗಳಕ್ಕೇ ನಿಲ್ಲುತ್ತಿದ್ದ. ಆದರೆ ಅವಳು ಕಾರು ತೆಗೆದುಕೊಂಡು ಹನೂರಿನ ಕಡೆ ಹೊರಟರೆ ತಾನು ಹಳೆಯ ಮೊಪೆಡ್ಡಿನಲ್ಲಿ ಕುಕ್ಕರುಗಾಲಲ್ಲಿ ಅಂಗಡಿಗೆ ಹೋಗಬೇಕು. ಕಾರಿನಲ್ಲಿ ಕೂತವನನ್ನು ನೋಡಿ ಎದ್ದು ನಿಲ್ಲಲು ಈಗಷ್ಟೇ ಕಲಿತ ಜನ ಮತ್ತೆ ಕೂತುಬಿಡುತ್ತಾರೆ. ಇಷ್ಟು ಸಣ್ಣ ವಿಚಾರವನ್ನು ಬಾಯಿಬಿಟ್ಟು ಹೇಳಲು ಯಾವ ಗಂಡಸಿಗೆ ಆಗುತ್ತದೆ? ನಮ್ಮಲ್ಲಿ ಬಹಳ ಮಂದಿ ಇದಕ್ಕಿಂತ ಸಣ್ಣ ವಿಚಾರಗಳನ್ನು ಹೊಟ್ಟೆಯಲ್ಲಿಟ್ಟುಕೊಂಡೇ ದೊಡ್ಡಮನುಷ್ಯರಾಗಿ ಓಡಾಡುತ್ತಿದ್ದೇವೆ.

ಅಷ್ಟರಲ್ಲಿ ಆಯುಧಪೂಜೆ ಬಂತು.

ಶಾಂತರಾಜುವಿನ ಅಂಗಡಿಯ ಆಯುಧಪೂಜೆ ಎಂದರೆ ಆ ಬೀದಿಗೇ ಹಬ್ಬ. ಸ್ಪ್ಯಾನರು, ಕಟ್ಟಿಂಗ್ ಪ್ಲೇಯರು, ಟೆಸ್ಟರು, ಸುತ್ತಲು ಬಂದ ಪರರ ಮೋಟಾರುಗಳು, ಎಲ್ಲಕ್ಕೂ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ. ಚಲಿಸುವ ವಸ್ತುವಿಗೆ ಪಟ್ಟೆ ಬೀಳದೆ ಬಿಡಬಾರದು ಎಂದು ಅವನಪ್ಪನ ಕಾಲದಿಂದ ಬಂದ ಕಟ್ಟಳೆ. ಆ ವರ್ಷ ಕಾರು ಬೇರೆ. ಬಾನೆಟ್ಟಿಗಾಯಿತು, ಚಕ್ರಕ್ಕಾಯಿತು, ಸ್ಟೇರಿಂಗು ಗೇರಿಗಾಯಿತು. ಇಡೀ ಕಾರಿನಲ್ಲಿ ದೇವರು ಎಲ್ಲಾದರೂ ಇದ್ದರೆ ಸೀಟಿನ ಆ ಸ್ವಿಚ್ಚಿನಲ್ಲೇ ಇರಬೇಕೆಂದು ತೀರ್ಮಾನಿಸಿ, ವಿಭೂತಿಯನ್ನು ನೀರಲ್ಲಿ ಗಟ್ಟಿಯಾಗಿ ಕಲಸಿ ಅದಕ್ಕೂ ಬಳಿದ. ಮೇಲೊಂದು ಕುಂಕುಮದ ಬೊಟ್ಟು. ಮಾವಿನ ಎಲೆಯಲ್ಲಿ ತೀರ್ಥ ಚಿಮುಕಿಸಿದ. ಸಂದಿಯಲ್ಲಿ ಒಂದು ಸೇವಂತಿಗೆ ಎಸಳನ್ನೂ ಸಿಕ್ಕಿಸಿದ.

ಪಕ್ಕದ ಪಂಕ್ಚರ್ ಅಂಗಡಿಯ ನಾಗರಾಜು ಟೈರಿನ ಮೇಲೆ ಕೂತು ನೋಡುತ್ತಿದ್ದವನು, "ಲೇ ಶಾಂತ, ಅದ್ಕೊಂದು ಮಡ್ಕೆ ಪೊಂಗ್ಲೂ ಇಕ್ಬುಡ್ಲಾ ಒಳಗೆ" ಎಂದ.

"ನಿನ್ ಪಂಪ್‌ಗಿಕ್ಕು, ಅದೇ ಹಸ್ಕಂಡು ಉಸ್ಸ್ ಅಂತದ."

ಪೂಜೆ ಮುಗಿಸಿ, ಬಾಳೆಕಂದು ಕಟ್ಟಿಕೊಂಡು, ಸೀಟನ್ನು ಪೂರಾ ಹಿಂದಕ್ಕೆ ತಳ್ಳಿ, ಕಾಲು ಚಾಚಿ ಶಾಂತರಾಜು ಊರೆಲ್ಲ ಒಂದು ಸುತ್ತು ಹೊಡೆದ. ಸೀಟು ಹಿಂದಕ್ಕೆ ಹೋದದ್ದು ಅದೇ ಕೊನೆ. ಮುಂದಕ್ಕೆ ಬರಲಿಲ್ಲ.

ಹಬ್ಬದ ರಜೆ ಮುಗಿದು ಶಾಲೆ ತೆರೆಯುವ ಬೆಳಿಗ್ಗೆ ಯಶೋದ ಊಟದ ಬ್ಯಾಗು, ಕೊಡೆ ಎಲ್ಲ ಪಕ್ಕದ ಸೀಟಿನಲ್ಲಿಟ್ಟು ಕೂತು ಸ್ವಿಚ್ಚು ಒತ್ತಿದಳು. ಗುಂಯ್ ಇಲ್ಲ. ಶಾಂತರಾಜು ಬಂದು ಕಿವಿಗೊಟ್ಟು ಕೇಳಿದ. ಫ್ಯೂಸು ನೋಡಿದ. ಸರಿಯಾಗಿತ್ತು. ಸ್ವಿಚ್ಚೇ ಎಂದು ಅವನ ಕೈಗೆ ಅಲ್ಲೇ ಗೊತ್ತಾಯಿತು. ಹೊರಗೆಳೆದು ಬಿಚ್ಚಿದರೆ ಬೆಳಗಿನ ಕಾಫಿ ಆರುವಷ್ಟರಲ್ಲಿ ಮುಗಿಯುವ ಕೆಲಸ. ಆದರೆ ಎದೆಯಲ್ಲಿ ಏನೋ ಒಂದು ಹಾಯಾಗಿ ಕಾಲು ಚಾಚಿ ಕೂತುಕೊಂಡಿತು.

"ಮೋಟಾರ್ ಓಗಿರ್ಬೇಕು ಕಣಮ್ಮಿ."

"ಊರೋರ್ ಮೋಟಾರೆಲ್ಲ ಸುತ್ತೀರಿ. ಇದೊಂದ ಸುತ್ಕೊಡಿ."

ಸಿಕ್ಕಿಬಿದ್ದೆನೆಂದು ಅವನಿಗೆ ಅರಿವಾಯಿತು. "ಮೋಟಾರಲ್ಲ... ಸ್ವಿಚ್ಚು ಅನ್ಸ್ತದ. ಹಳೇ ಗಾಡಿದು. ಇಲ್ಲೆಲ್ಲ ಸಿಕ್ಕಕಿಲ್ಲ. ಜಪಾನಿಂದ ಬರ್ಬೇಕು."

"ಜಪಾನಿಂದ?"

"ಊ. ತರ್ಸಾಕೆ ಏಳ್ತೀನಿ. ಬತ್ತದ."

ಯಶೋದ ಬ್ಯಾಗು, ಕೊಡೆ ತೆಗೆದುಕೊಂಡು ಬಸ್ಸಿಗೆ ಹೋದಳು. ಆಮೇಲೆ ಅಮಾವಾಸ್ಯೆ ಹತ್ತಿರವಾದಾಗೆಲ್ಲ, "ಜಪಾನ್ ಎಲ್ಲಿಗೆ ಬಂತು?" ಎಂದು ಕೇಳುತ್ತಿದ್ದಳು. "ಅಡಗ್ಲಿ ಅದ" ಎಂದು ಇವನು. "ಭೂಮಿ ಗುಂಡಗದೆ ಅಂತ ಮಕ್ಳಿಗೆ ಹೇಳಿಕೊಡ್ತೀನಿ. ನಿಮ್ಮ ಹಡಗು ಅದನ್ನ ನೋಡಾಕೆ ಸುತ್ತಾಕ್ತಾ ಇದ್ದದೇನೋ" ಎಂದು ಅವಳು. ಇಬ್ಬರೂ ನಗುತ್ತಿದ್ದರು. ಹೆಂಡತಿ ನಗುತ್ತಿದ್ದಾಳೆ ಎಂದರೆ ಎಲ್ಲ ಸರಿಯಾಗಿದೆ ಎಂದುಕೊಳ್ಳುವುದು ಗಂಡಂದಿರಿಗೆ ಯಾರೂ ಕಲಿಸದೆ ಬರುವ ವಿದ್ಯೆ.

ಹಡಗು ಬಾರದ್ದನ್ನು ನೋಡಿ ಯಶೋದ ಒಂದು ಭಾನುವಾರ ತಾನೇ ದಾರಿ ಹುಡುಕಿದಳು. ಬೆನ್ನಿಗೆ ಎರಡು ದಿಂಬು ಇಟ್ಟುಕೊಂಡರೆ ಕಾಲು ಎಟುಕುತ್ತಿತ್ತು. "ಬನ್ನಿ, ಪಕ್ಕದಲ್ಲಿ ಕೂತ್ಕಳಿ. ಅಗರಕ್ಕೆ ಹೋಗಿ ನಮ್ಮಕ್ಕನ್ನ ನೋಡ್ಕೊಂಡು ಬರಾಣ" ಎಂದಳು. ಅಗರ ಅವಳ ತವರು, ಯಳಂದೂರಿನ ಹತ್ತಿರ. ಅಕ್ಕನ ಮನೆ ಬಾಗಿಲಲ್ಲಿ ತಾನೇ ಓಡಿಸಿಕೊಂಡು ಹೋಗಿ ಇಳಿಯಬೇಕೆಂಬ ಆಸೆ. ಹೊಸ ಸೀರೆ ಉಟ್ಟಿದ್ದಳು.

ಮಧುವನಹಳ್ಳಿಯಿಂದ ಕೊಳ್ಳೇಗಾಲದವರೆಗೆ ಅವಳು ಓಡಿಸಿದ್ದು ಉದಯಕುಮಾರ್ ಹೇಳಿದ ಹಾಗೇ ಇತ್ತು. ಮಲಗಿದ ಮಗು ಏಳಲಿಲ್ಲ. ಊರೊಳಗೆ, ಶಾಂತರಾಜುವಿನ ಅಂಗಡಿ ಇರುವ ತಿರುವಿನಲ್ಲೇ, ಎದುರಿಂದ ಕಬ್ಬು ತುಂಬಿದ ಟ್ರ್ಯಾಕ್ಟರು ಬಂತು. ಯಶೋದ ಬ್ರೇಕಿಗೆಂದು ಕಾಲು ಒತ್ತಿದಳು. ಕಾಲು ಒತ್ತಿದ ರಭಸಕ್ಕೆ ಬೆನ್ನ ಹಿಂದಿನ ದಿಂಬು ಪುಸಕ್ಕನೆ ಪಕ್ಕಕ್ಕೆ ಜಾರಿತು. ಯಶೋದ ಹಿಂದಕ್ಕೆ ಹೋದಳು, ಕಾಲು ಪೆಡಲ್ ಬಿಟ್ಟು ಮೇಲಕ್ಕೆ ಬಂತು, ಕಾರು ಎರಡು ಸಲ ಎಗರಿ ಟ್ರ್ಯಾಕ್ಟರಿನ ಮೂಗಿನ ಮುಂದೆ ಉಸಿರು ಕಳೆದುಕೊಂಡು ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಕಾರಿಗೆ ಒಂದು ಗೀರೂ ಬೀಳಲಿಲ್ಲ. ಗಾಬರಿಯಲ್ಲಿ ಅವಳು ಬಾಗಿಲು ತೆಗೆದಾಗ ಒಂದು ದಿಂಬು ಮಾತ್ರ ರಸ್ತೆಗೆ ಉರುಳಿತು.

ನಾಗರಾಜು ಅದನ್ನು ಎತ್ತಿ ಧೂಳು ಕೊಡವಿ, "ಮೇಡಮ್ಮೋರೇ, ಮಲ್ಗಾಕೇ ಬಂದ್ರಾ ಅಂಗ್ಡಿಗೆ?" ಎಂದ.

ಬೀದಿಯೆಲ್ಲ ನಕ್ಕಿತು. ಟ್ರ್ಯಾಕ್ಟರಿನವನೂ ನಕ್ಕ. ಅವಳ ಪಕ್ಕದಲ್ಲೇ ಕೂತಿದ್ದ ಶಾಂತರಾಜು ಎಲ್ಲರಿಗಿಂತ ಜೋರಾಗಿ ನಕ್ಕ. ಅಲ್ಲಿಂದ ಮುಂದೆ ಕಾರನ್ನು ಅವನೇ ಓಡಿಸಿದ. ಅಗರಕ್ಕಲ್ಲ, ವಾಪಸು ಮನೆಗೆ.

ಅಷ್ಟಕ್ಕೇ ನಿಂತಿದ್ದರೆ ಹೇಗೋ ಆಗುತ್ತಿತ್ತು. ಆದರೆ ಶಾಂತರಾಜುವಿಗೆ ಕಥೆ ಹೇಳುವ ಚಟ. ಮೋಟಾರು ಬಿಚ್ಚುತ್ತ ಬಿಚ್ಚುತ್ತ, ಕಾದು ಕೂತ ರೈತರಿಗೆ ದಿಂಬಿನ ಪ್ರಸಂಗ ಶುರುಮಾಡುತ್ತಿದ್ದ. ಬರಬರುತ್ತ ಅದಕ್ಕೆ ಅಭಿನಯ ಸೇರಿತು. ಸ್ಟೂಲಿನ ಮೇಲೆ ಕೂತು, ಬೆನ್ನಿಗೆ ಹತ್ತಿಬಟ್ಟೆಯ ಗಂಟು ಇಟ್ಟುಕೊಂಡು, ಹೆಣ್ಣು ದನಿಯಲ್ಲಿ "ಅಯ್ಯೋ ಮಾದಪ್ಪಾ!" ಎಂದು ಕಾಲು ಎತ್ತಿ ಹಿಂದಕ್ಕೆ ಮಲಗುತ್ತಿದ್ದ. ಯಶೋದ ಅವತ್ತು ಹಾಗೆ ಕೂಗಿರಲಿಲ್ಲ. ಅವಳು ಕೂಗಿರಲೇ ಇಲ್ಲ. ಆದರೆ ಕೂಗಿದರೇ ಕಥೆ ಚೆನ್ನ. ಮೋಟಾರು ರೆಡಿಯಾಗಿಲ್ಲವೆಂದು ಸಿಡುಕಿಕೊಂಡು ಬಂದವರು ಹೊಟ್ಟೆ ಹಿಡಿದುಕೊಂಡು ಹೋಗುತ್ತಿದ್ದರು. ಕೆಲವರು ಕಥೆಯನ್ನು ಮತ್ತೊಮ್ಮೆ ಕೇಳಲೆಂದೇ ಬರುತ್ತಿದ್ದರು. ಹೆಂಡತಿ ಆಮೇಲೆ ಕಾರಿನ ಮಾತೆತ್ತದೇ ಇದ್ದದ್ದನ್ನು, ಜಪಾನಿನ ಹಡಗನ್ನು ಕೇಳುವುದು ಬಿಟ್ಟದ್ದನ್ನು ಅವನು ಗಮನಿಸಿದ. ಹೆದರಿಕೊಂಡಿದ್ದಾಳೆ, ಪಾಪ, ಎಂದುಕೊಂಡ. ಒಳಗೊಳಗೇ ಹಗುರವಾಯಿತು.

ವರ್ಷಗಳು ಕಳೆದವು. ಶಾಂತರಾಜುವಿನ ಸಕ್ಕರೆ ಕಾಯಿಲೆ ಮೆಲ್ಲಗೆ ಕಣ್ಣಿಗೆ ಹತ್ತಿತು. ಎದುರಿಗೆ ಬರುವ ಒಂದು ಬಸ್ಸು ಎರಡಾಗಿ ಕಾಣಲು ಶುರುವಾಯಿತು. ಮೈಸೂರಿನ ಕಣ್ಣಿನ ಡಾಕ್ಟರು ದೀಪ ಬಿಟ್ಟು ನೋಡಿ, "ಮೋಟಾರು ಬೇಕಾದ್ರೆ ಸುತ್ತಿ. ಗಾಡಿ ಮಾತ್ರ ಮುಟ್ಟಬೇಡಿ" ಎಂದರು. ಬಸ್ಸಿನಲ್ಲಿ ವಾಪಸು ಬರುತ್ತಾ ಕಿಟಕಿ ಪಕ್ಕ ಕೂತ ಯಶೋದಳನ್ನು ಅವನು ನೋಡಿದ. ಅವಳಿಗೆ ಲೈಸೆನ್ಸಿದೆ. ಮನೆಯಲ್ಲಿ ಕಾರಿದೆ. ನಡುವೆ ಇರುವುದು ಒಂದು ಸ್ವಿಚ್ಚು.

ಮುಂದಿನ ಭಾನುವಾರ ಬೆಳಿಗ್ಗೆ ಶಾಂತರಾಜು ಅಂಗಳದಲ್ಲಿ ಗೋಣಿ ಹಾಸಿ, ಕಾಫಿ ಲೋಟ ಪಕ್ಕಕ್ಕಿಟ್ಟು ಕೂತ. ಕಣ್ಣಿಗಿಂತ ಬೆರಳು ನಂಬಿ ಸೀಟಿನ ಪಕ್ಕದ ಪ್ಲಾಸ್ಟಿಕ್ ಹೊದಿಕೆಯನ್ನು ಬಿಡಿಸಿದ. ವೈರಿನ ಕಪ್ಲರ್ ಕಳಚಿ, ಎರಡು ತುಂಡು ವೈರಿನಲ್ಲಿ ಬ್ಯಾಟರಿಯಿಂದ ನೇರವಾಗಿ ಸೀಟಿನ ಮೋಟಾರಿಗೆ ಕರೆಂಟು ಕೊಟ್ಟ. ಗುಂಯ್. ಇಷ್ಟು ವರ್ಷ ಯಾರೂ ಮಾತಾಡಿಸದಿದ್ದರೂ ಮೋಟಾರು ಬೇಜಾರಿಲ್ಲದೆ ಓಗೊಟ್ಟಿತು. ಅಲ್ಲಿಗೆ ತಪ್ಪು ಸ್ವಿಚ್ಚಿನದೇ. ಅದರ ಮುಚ್ಚಳವನ್ನು ಸಣ್ಣ ಸ್ಕ್ರೂಡ್ರೈವರಿನಲ್ಲಿ ಮೀಟಿ ತೆರೆದ.

ಒಳಗೆ ವಿಭೂತಿ. ನೀರು ಕುಡಿದು, ಒಣಗಿ, ಗಾರೆಯಂತೆ ಗಟ್ಟಿಯಾಗಿ, ತಾಮ್ರದ ಕಾಂಟ್ಯಾಕ್ಟುಗಳನ್ನು ಕಚ್ಚಿ ಹಿಡಿದಿತ್ತು. ಮೇಲೆ ಕುಂಕುಮದ ಕೆಂಪು. ಹಸಿರು ಕಿಲುಬು. ಮೂಲೆಯಲ್ಲಿ ಒಂದು ಸೇವಂತಿಗೆ ಎಸಳು, ಕಾಗದದಷ್ಟು ತೆಳ್ಳಗೆ.

ಶಾಂತರಾಜು ಅದನ್ನು ಅಂಗೈಯಲ್ಲಿಟ್ಟುಕೊಂಡು ಕಣ್ಣಿನ ಹತ್ತಿರಕ್ಕೆ ತಂದು ನೋಡಿದ. ಕೆಟ್ಟದ್ದೂ ತನ್ನ ಕೈಯಿಂದ, ರಿಪೇರಿಯಾಗದೆ ಇದ್ದದ್ದೂ ತನ್ನ ಕೈಯಿಂದ. ಜಪಾನಿನವರು ಪಾಪ ಏನು ಮಾಡಿದ್ದರು? ಆಮೇಲೆ ಬ್ರಷ್ಷಿಗೆ ಪೆಟ್ರೋಲು ಹಚ್ಚಿ ತಿಕ್ಕಿದ. ಸಣ್ಣ ಎಮರಿ ಕಾಗದದಲ್ಲಿ ಕಾಂಟ್ಯಾಕ್ಟು ಉಜ್ಜಿದ. ಮುಚ್ಚಿ ಕೂರಿಸಿ ಒತ್ತಿದ. ಸೀಟು ಮುಂದಕ್ಕೆ ಬಂತು.

ಕಾಫಿ ಇನ್ನೂ ಪೂರಾ ಆರಿರಲಿಲ್ಲ.

"ಯಶೋದಾ! ಬಾಮ್ಮಿ ಇಲ್ಲಿ!"

ಯಶೋದ ಸೊಪ್ಪು ಬಿಡಿಸುತ್ತಿದ್ದ ಕೈಯಲ್ಲೇ ಬಂದಳು. ಸೀಟಿನಲ್ಲಿ ಕೂರಲು ಅವನು ಹೇಳಿದ. ಕೂತಳು. ಸ್ವಿಚ್ಚು ಒತ್ತಲು ಹೇಳಿದ. ಒತ್ತಿದಳು. ಹಳೆಯ ರಾಗದಲ್ಲೇ ಸೀಟು ಅವಳನ್ನು ಸ್ಟೇರಿಂಗಿನ ಹತ್ತಿರಕ್ಕೆ ತಂದು ಬಿಟ್ಟಿತು.

"ಸಿಕ್ತಾ ಕಾಲು?" ಈ ಸಲ ಅವನು ಅವಳ ಮುಖವನ್ನೇ ನೋಡುತ್ತಿದ್ದ. ಆದರೆ ಕಣ್ಣು ಮಂಜು.

"ಸಿಕ್ತು."

"ಓಡ್ಸು ಮತ್ತೆ. ಅಗರಕ್ಕೆ ಓಗಾಣ. ನಾ ಪಕ್ದಲ್ಲಿ ಕೂತ್ಕತೀನಿ."

ಯಶೋದ ಬೀಗದ ಕೈಯ ಮೇಲೆ ಕೈ ಇಟ್ಟಳು. ತಿರುಗಿಸಲಿಲ್ಲ. ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

"ಜಪಾನಿಂದ ಬಂತಾ?"

ಅವನು ಸುಳ್ಳಿಗೆ ಬಾಯಿ ತೆರೆದ. ಸುಳ್ಳು ಬರಲಿಲ್ಲ. "ಇಲ್ಲ ಕಣಮ್ಮಿ. ಒಳ್ಗೆ ಇಬೂತಿ ಕೂತಿತ್ತು. ನಾ ಬಳ್ದಿದ್ದು. ತಿಕ್ದೆ, ಸರಿ ಓಯ್ತು."

"ಅವತ್ತೇ ತಿಕ್ಬೋದಿತ್ತಾ?"

"ಊ."

ಯಶೋದ ಕೋಪ ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ಅವನಿಗೆ ಎಷ್ಟೋ ಅನುಕೂಲವಾಗುತ್ತಿತ್ತು.

"ನಂಗೆ ಗೊತ್ತಿತ್ತು ಕಣ್ರೀ. ಮಿಕ್ಸಿ ಸ್ವಿಚ್ಚು ಬಿಚ್ದಂಗೇ ಇದನ್ನೂ ಬಿಚ್ತೀರಿ ಅಂತ. ಯಾವತ್ತಾರ ಒಂದಿನ ಮನ್ಸು ಬತ್ತದೆ ಅಂತ ಸುಮ್ಕಿದ್ದೆ. ಹಡಗಿನ ಮಾತಿಗೆ ನಗಾಡ್ತಾ ಇದ್ದೆ." ಅವಳು ಸ್ಟೇರಿಂಗಿನ ಮೇಲಿನ ಧೂಳನ್ನು ಬೆರಳಲ್ಲಿ ಒರೆಸಿದಳು. "ದಿಂಬು ಬಿದ್ದಿದ್ದೂ ದೊಡ್ಡದಲ್ಲ. ಇನ್ನೊಂದ್ಸಲ ಓಡಿಸ್ತಿದ್ದೆ. ಆದ್ರೆ ನೀವು ಅಂಗ್ಡೀಲಿ ಆಡಿ ತೋರ್ಸ್ತಿದ್ರಲ್ಲ, ಅದನ್ನ ಯಾರೋ ಮೋಟಾರ್ ಸುತ್ಸಾಕೆ ಬಂದೋರು ನಮ್ಮ ಸ್ಕೂಲಿರೋ ಊರಿಗೆ ತಕಂಡ್ ಬಂದ್ರು. ಒಂದಿನ ಕ್ಲಾಸಿಗೆ ಹೋದ್ರೆ ಬೋರ್ಡಿನ ಮೇಲೆ ಕಾರು. ಕಾರೊಳಗೆ ನಾನಿಲ್ಲ, ಬರೀ ದಿಂಬು. ಕೆಳಗೆ 'ಅಯ್ಯೋ ಮಾದಪ್ಪಾ' ಅಂತ ಬರ್ದಿತ್ತು."

ಶಾಂತರಾಜು ಗೋಣಿಯ ಮೇಲಿನ ಸ್ಕ್ರೂಗಳನ್ನು ಒಂದೊಂದಾಗಿ ತಡಕುತ್ತಿದ್ದ.

"ನಾನೂ ನಕ್ಕು ಒರೆಸ್ಬುಟ್ಟೆ. ಮಕ್ಳು ತಾನೆ. ಆದ್ರೆ ನಾನು ಹಂಗೆ ಕೂಗಿರ್ಲಿಲ್ಲ ಅಲ್ವೇನ್ರೀ?"

"ಇಲ್ಲ."

"ಅದೊಂದು ನಿಮ್ಗಾರ ಗೊತ್ತಿತ್ತು."

"ನಾಳೆ ಅಂಗ್ಡೀಲಿ ಎಲ್ರುಗೂ ಏಳ್ತೀನಿ ಯಶೋದ. ಸ್ವಿಚ್ಚು ನಾನೇ ಕೆಡ್ಸಿದ್ದು, ಬೇಕಂತ್ಲೇ ಸರಿ ಮಾಡ್ನಿಲ್ಲ ಅಂತ."

"ಅದನ್ನೂ ಆಡಿ ತೋರಿಸ್ತೀರಾ?" ಎಂದಳು ಯಶೋದ. "ಚೆನ್ನಾಗಿರ್ತದೆ. ನಗ್ತಾರೆ."

ಅವಳು ಸ್ವಿಚ್ಚನ್ನು ಹಿಂದಕ್ಕೆ ಒತ್ತಿ ಹಿಡಿದಳು. ಸೀಟು ಅವನ ಕಾಲಿನ ಅಳತೆಗೆ ಹೋಗಿ ನಿಂತ ಮೇಲೆ ಇಳಿದು, ಸೆರಗು ಸರಿ ಮಾಡಿಕೊಂಡು, ಸೊಪ್ಪಿನ ಮೊರದ ಕಡೆ ನಡೆದಳು. ಬಾಗಿಲಲ್ಲಿ ಮಾತ್ರ ಒಮ್ಮೆ ತಿರುಗಿ, "ಒಬ್ಬ ಡ್ರೈವರನ್ನ ನೋಡ್ಕಳಿ. ನಿಮ್ಮ ಕಣ್ಣಿಗೆ ಬಸ್ಸು ಸರಿಹೋಗಕಿಲ್ಲ" ಎಂದಳು.

ಶಾಂತರಾಜು ತಡಕಿ ಸಿಕ್ಕ ಸ್ಕ್ರೂಗಳನ್ನು ಸೀಟಿನ ಹೊದಿಕೆಗೆ ತಿರುಗಿಸತೊಡಗಿದ.

ಡ್ರೈವರ್ ಮಾದು ಬಂದ. ಕುಳ್ಳಗಿನ ಮನುಷ್ಯ. ಬೆಳಿಗ್ಗೆ ಹತ್ತಿ ಕೂತು ಸ್ವಿಚ್ಚನ್ನು ಒತ್ತಿ ಸೀಟನ್ನು ಮುಂದಕ್ಕೆ, ಹೆಚ್ಚುಕಡಿಮೆ ಯಶೋದಳ ಅಳತೆಗೇ, ತಂದುಕೊಳ್ಳುತ್ತಾನೆ. ಹಿಂದೆ ಕೂತ ಶಾಂತರಾಜುವಿಗೆ ಕಾಲು ಚಾಚಲು ಬೇಕಾದಷ್ಟು ಜಾಗ. ಚಾಚಲು ಮನಸ್ಸು ಬರುವುದಿಲ್ಲ. ಅಮಾವಾಸ್ಯೆ ಬಂದಾಗ, "ಮಾದು ಬುಟ್ಬತ್ತನೆ ಬಾಮ್ಮಿ" ಎಂದು ಕರೆದು ನೋಡಿದ್ದಾನೆ. "ನಂಗೆ ಬಸ್ಸೇ ಅಭ್ಯಾಸ" ಎಂದು ಯಶೋದ ಕೊಡೆ ಹಿಡಿದು ನಡೆಯುತ್ತಾಳೆ. ಕಾರು ಅವಳನ್ನು ದಾಟಿ ಹೋಗುವಾಗ ಮಾದು ಹಾರನ್ ಹೊಡೆಯಲು ಹೋದರೆ ಶಾಂತರಾಜು ಬೇಡ ಎನ್ನುತ್ತಾನೆ. ಅಂಗಡಿಯಲ್ಲಿ ಯಾರಾದರೂ ಹಳಬರು "ಆ ದಿಂಬಿಂದ್ ಏಳಣ್ಣಾ" ಎಂದರೆ, ಸುತ್ತುತ್ತಿರುವ ತಂತಿಯ ಎಣಿಕೆ ತಪ್ಪುತ್ತದೆ ಎಂದು ಗದರುತ್ತಾನೆ.

ಈ ವರ್ಷದ ಆಯುಧಪೂಜೆಗೆ ಅವನ ಕಣ್ಣು ನೆಚ್ಚುವಂತಿರಲಿಲ್ಲ. ಪೂಜೆಯ ತಟ್ಟೆಯನ್ನು ಯಶೋದಳೇ ಹಿಡಿದಳು. ಬಾನೆಟ್ಟಿಗೆ, ಚಕ್ರಕ್ಕೆ, ಸ್ಟೇರಿಂಗಿಗೆ ಪಟ್ಟೆ ಎಳೆದು, ಕುಂಕುಮ ಇಟ್ಟು, ಸೀಟಿನ ಪಕ್ಕಕ್ಕೆ ಬಗ್ಗಿದಳು. ಶಾಂತರಾಜು ತಡವರಿಸಿಕೊಂಡು ಬಂದು ಸ್ವಿಚ್ಚಿನ ಮೇಲೆ ಅಂಗೈ ಅಡ್ಡ ಇಟ್ಟ.

"ಅಲ್ಗೆ ಬ್ಯಾಡ ಕಣಮ್ಮಿ. ಕೆಟ್ಟೋಯ್ತದ."

"ಕೆಟ್ರೆ ಕೆಡ್ಲಿ ಬುಡಿ" ಎಂದಳು ಯಶೋದ. "ಜಪಾನಿಂದ ತರ್ಸಿದ್ರಾಯ್ತು."

ನಾಗರಾಜು ಟೈರಿನ ಮೇಲಿಂದ ಜಾರಿ ಬೀಳುವಷ್ಟು ನಕ್ಕ. ಮಾದುವೂ ನಕ್ಕ. ಶಾಂತರಾಜು ಕೈ ತೆಗೆಯಲಿಲ್ಲ. ಯಶೋದ ಒಂದು ಗಳಿಗೆ ಕಾದು ನೋಡಿ, ಸ್ವಿಚ್ಚಿಗೆಂದು ತೆಗೆದ ಕುಂಕುಮವನ್ನು ಅವನ ಕೈಯ ಹಿಂಭಾಗಕ್ಕೇ ಇಟ್ಟು, ತಟ್ಟೆ ಹಿಡಿದು ಮುಂದಿನ ಮೋಟಾರಿನ ಕಡೆಗೆ ಹೋದಳು.